ಹಾಲಿಗೆ ನೀರು ಬೆರೆಸುವವರು ಮತ್ತು ತೆಂಗಿನ ಬುಡಕ್ಕೆ ಹಾಲು ಸುರಿದವರು

ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರ ನಿಮ್ಮ ಪತ್ರಿಕೆಯಲ್ಲಿ ಬಂದ ಲೇಖನ ಓದಿ ಎರಡು ದಿನ ಸುಮ್ಮನಿದ್ದೆ. ಮೂರನೇ ದಿನ ಬರೆಯದೆ ಇರಲು ಆಗಲಿಲ್ಲ. 1991ರಲ್ಲಿ ಮಾರುಕಟ್ಟೆ ತೆರೆದ ಮೇಲೆ ಜನ ಸ್ವಾರ್ಥಿಗಳಾದರು, ಅದಕ್ಕೆ ಮುಂಚೆ ಇದ್ದ ಮೌಲ್ಯಗಳೆಲ್ಲ ಹೋದವು ಎಂದು ಲೇಖಕರು ಬರೆದಿದ್ದರು. ಬುಧವಾರ ಅದಕ್ಕೆ ಉತ್ತರ ಬರೆದ ಇನ್ನೊಬ್ಬರು, ಸ್ವಾರ್ಥ ಇಲ್ಲದೆ ಯಾರೂ ದುಡಿಯುವುದಿಲ್ಲ, ಸರ್ಕಾರ ಅಡ್ಡ ಬರದಿದ್ದರೆ ಎಲ್ಲ ತಾನಾಗಿ ಸರಿಹೋಗುತ್ತದೆ ಎಂದಿದ್ದಾರೆ. ನಾನು ಅರ್ಥಶಾಸ್ತ್ರ ಓದಿದವನಲ್ಲ. ತುಮಕೂರು ಜಿಲ್ಲೆಯ ಒಂದು ಹಳ್ಳಿಯಲ್ಲಿ 27 ವರ್ಷ ಹಾಲಿನ ಡೇರಿ ಸೆಕ್ರೆಟರಿಯಾಗಿದ್ದೆ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ, ಹಬ್ಬವಿರಲಿ, ಊರಲ್ಲಿ ಸಾವಾಗಿರಲಿ, ಬಾಗಿಲು ತೆಗೆಯಲೇಬೇಕು, ಯಾಕೆಂದರೆ ಹಸು ರಜೆ ತೆಗೆದುಕೊಳ್ಳುವುದಿಲ್ಲ. ಜನ ಯಾವಾಗ ಹಾಲಿಗೆ ನೀರು ಬೆರೆಸುತ್ತಾರೆ, ಯಾವಾಗ ಬೆರೆಸುವುದಿಲ್ಲ ಅನ್ನುವುದನ್ನು ಅಷ್ಟು ವರ್ಷ ಕಣ್ಣಾರೆ ಕಂಡಿದ್ದೇನೆ. ಅದಕ್ಕೇ ಈ ಇಬ್ಬರ ಮಾತೂ ನನಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ.

ನಾನು ಸೇರಿದಾಗ ನಮ್ಮ ಡೇರಿಯ ಸಹಕಾರ ಸಂಘದಲ್ಲಿ 120 ಮನೆಯವರು ಹಾಲು ಹಾಕುತ್ತಿದ್ದರು. ಎಲ್ಲರ ಹಾಲೂ ಒಂದೇ ಕ್ಯಾನಿಗೆ. ಅನುಮಾನ ಬಂದರೆ ಒಂದು ಜಾರ್‌ಗೆ ಸುರಿದು, ಹಾಲಿನ ಗಟ್ಟಿತನ ನೋಡುವ ಲ್ಯಾಕ್ಟೋಮೀಟರ್ ಬಿಡುತ್ತಿದ್ದೆ. ಅದು ಎರಡು ಸಲ ಮೇಲೆ ಕೆಳಗೆ ಆಡಿ ನಿಲ್ಲುತ್ತದೆ. 28ಕ್ಕೆ ನಿಂತರೆ ಒಳ್ಳೆ ಹಾಲು, 23ಕ್ಕೆ ಇಳಿದರೆ ನೀರು ಬಿದ್ದಿದೆ ಅಂತ ಅರ್ಥ. ಆದರೆ ಬೆಳಗಿನ ಗಲಾಟೆಯಲ್ಲಿ ಲಾರಿ ಬರುವ ಹೊತ್ತಿಗೆ 120 ಜನರದ್ದೂ ನೋಡಲು ಆಗುವ ಮಾತಾ? ಸಂಘಗಳಿಂದ ಹಾಲು ಕೊಳ್ಳುವ ಒಕ್ಕೂಟದವರು ಪೂರ್ತಿ ಕ್ಯಾನಿನ ಹಾಲು ಪರೀಕ್ಷೆ ಮಾಡಿ ಫ್ಯಾಟು ಎಷ್ಟು, ಎಸ್‌ಎನ್‌ಎಫ್ (ಜಿಡ್ಡು ಬಿಟ್ಟು ಹಾಲಿನಲ್ಲಿರುವ ಉಳಿದ ಗಟ್ಟಿ ಅಂಶ) ಎಷ್ಟು ಅಂತ ನೋಡಿ ಸಂಘಕ್ಕೆ ದರ ಕಟ್ಟುತ್ತಿದ್ದರು. ಆ ದರವನ್ನೇ ನಾವು ಎಲ್ಲರಿಗೂ ಸಮನಾಗಿ ಬಟವಾಡೆ ಮಾಡುತ್ತಿದ್ದೆವು. ಸಮಾನತೆ ಅಂದರೆ ಇದೇ ಅಲ್ವಾ ಅಂತ ಆಗ ನನಗೆ ಹೆಮ್ಮೆಯೂ ಇತ್ತು.

ಲೆಕ್ಕ ಹಾಕಿ ನೋಡಿ. ಒಬ್ಬ 5 ಲೀಟರ್ ಹಾಲಿಗೆ 1 ಲೀಟರ್ ನೀರು ಸೇರಿಸಿ 6 ಲೀಟರ್ ಹಾಕಿದ. ಆ ಒಂದು ಲೀಟರ್ ನೀರಿನ ದುಡ್ಡು ಪೂರ್ತಿ ಅವನ ಜೇಬಿಗೆ. ಎಸ್‌ಎನ್‌ಎಫ್ ಇಳಿದು ದರ ಕಡಿಮೆಯಾದ ನಷ್ಟ ಮಾತ್ರ 120 ಮನೆಗೆ ಹಂಚಿಹೋಗುತ್ತದೆ, ಅವನ ಪಾಲಿಗೆ ಬರುವುದು ಪುಡಿಗಾಸು. ಮೊದಲು ಒಬ್ಬ ಬೆರೆಸಿದ. ಅವನ ಪಕ್ಕದ ಮನೆಯವನಿಗೆ ಗೊತ್ತಾಯಿತು. ತಾನು ಒಳ್ಳೆ ಹಾಲು ಹಾಕಿದರೂ ದರ ಕಡಿಮೆ, ಮತ್ತೆ ಯಾಕೆ ಅಂತ ಅವನೂ ಶುರುಮಾಡಿದ. ಕೊಳಕ್ಕೆ ಒಂದೊಂದು ತಂಬಿಗೆ ಹಾಲು ಹಾಕಿ ಅಂತ ರಾಜ ಡಂಗುರ ಹೊಡೆಸಿದ ಕಥೆ ನಾವೆಲ್ಲ ಚಿಕ್ಕಂದಿನಲ್ಲಿ ಕೇಳಿದ್ದೇವೆ. ಬೆಳಗಾಗುವಷ್ಟರಲ್ಲಿ ಕೊಳದ ತುಂಬ ನೀರೇ ಇತ್ತಂತೆ. ನಮ್ಮ ಸಂಘದಲ್ಲಿ ಅಷ್ಟೊಂದು ಆಗಲಿಲ್ಲ, ಆದರೆ ಒಂದು ಬೇಸಿಗೆಯಲ್ಲಿ ಮೂರು ಬಟವಾಡೆ ಸಾಲಾಗಿ ದರ ಕಡಿತ ಆಯಿತು. ಯಾರು ಬೆರೆಸುತ್ತಾರೆ ಅಂತ ಊರಿಗೆಲ್ಲ ಗೊತ್ತಿತ್ತು. ನನಗೂ ಗೊತ್ತಿತ್ತು. ಅವರಲ್ಲಿ ಒಬ್ಬರು ನನಗೆ ಹತ್ತಿರದ ಸಂಬಂಧಿ, ಇನ್ನೊಬ್ಬರು ಸಂಘದ ಹಳೆಯ ನಿರ್ದೇಶಕರು. ನಾನು ಬಾಯಿ ಬಿಡಲಿಲ್ಲ. ಆ ತಪ್ಪು ನನ್ನದು.

2007ರಲ್ಲಿ ಪರೀಕ್ಷೆ ಮಾಡುವ ಮೆಷಿನ್ ಬಂತು. ಸ್ವಲ್ಪ ಹಾಲು ಹಿಡಿದರೆ ಒಂದು ನಿಮಿಷದಲ್ಲಿ ಚೀಟಿ ಬರುತ್ತದೆ: ಎಷ್ಟು ಲೀಟರ್, ಫ್ಯಾಟು ಎಷ್ಟು, ಎಸ್‌ಎನ್‌ಎಫ್ ಎಷ್ಟು, ನಿಮಗೆ ಎಷ್ಟು ರೂಪಾಯಿ. ಅವರವರ ಹಾಲಿಗೆ ಅವರವರ ದರ. ಎರಡೇ ಬಟವಾಡೆಯಲ್ಲಿ ಸಂಘದ ಎಸ್‌ಎನ್‌ಎಫ್ 8.5ರ ಮೇಲೆ ಹೋಯಿತು. ಮೊದಲು ಬೆರೆಸುತ್ತಿದ್ದವರೇ ಚೀಟಿ ಹಿಡಿದು, ಫ್ಯಾಟು 3.8 ಯಾಕೆ ಬರಲಿಲ್ಲ, ಯಾವ ಹಿಂಡಿ ಹಾಕಬೇಕು ಅಂತ ನನ್ನನ್ನು ಕೇಳಲು ಬಂದರು. ಜನ ಅವರೇ, ಹಸುಗಳೂ ಅವೇ.

ಇದನ್ನು ಓದಿ ಬುಧವಾರದ ಪತ್ರ ಬರೆದವರಿಗೆ ಖುಷಿಯಾಗಬಹುದು. ಅವರ ಮಾತಿನಲ್ಲಿ ನಿಜ ಇದೆ, ಇಲ್ಲ ಅನ್ನುವುದಿಲ್ಲ. ನಮ್ಮ ಕ್ಯಾನಿನ ಕಥೆ ರಷ್ಯಾದಲ್ಲಿ ಭಾರಿ ದೊಡ್ಡದಾಗಿ, ಭಾರಿ ಕ್ರೂರವಾಗಿ ನಡೆದುಹೋಗಿದೆ. 1929ರಿಂದ ಸ್ಟಾಲಿನ್ ಸರ್ಕಾರ ರೈತರ ಹೊಲ, ದನ ಎಲ್ಲವನ್ನೂ ಸಾಮೂಹಿಕ ಬೇಸಾಯಕ್ಕೆ ಸೇರಿಸಿತು. ಹೇಗೂ ಕೊಟ್ಟುಬಿಡಬೇಕಲ್ಲ ಅಂತ ಎಷ್ಟೋ ರೈತರು ತಮ್ಮ ದನಗಳನ್ನು ತಾವೇ ಕಡಿದರು. ಉಳಿದವು ಮೇವಿಲ್ಲದೆ, ನೋಡಿಕೊಳ್ಳುವವರಿಲ್ಲದೆ ಸತ್ತವು. 1928ರಲ್ಲಿ ಅಲ್ಲಿ ಸುಮಾರು 7 ಕೋಟಿ ದನಗಳಿದ್ದವು, 1933ರ ಹೊತ್ತಿಗೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿದ್ದವು. ಆಮೇಲೆ ಸರ್ಕಾರವೇ ಮಣಿದು, ಮನೆಗೊಂದು ಹಸು, ಹಿತ್ತಲಿನಷ್ಟು ಜಮೀನು ಇಟ್ಟುಕೊಳ್ಳಿ ಅಂತ ಬಿಟ್ಟಿತು. ಮುಂದೆ ಎಷ್ಟೋ ವರ್ಷ ದೇಶದ ಸಾಗುವಳಿ ಜಮೀನಿನಲ್ಲಿ ಶೇ 3-4ರಷ್ಟು ಮಾತ್ರ ಇದ್ದ ಆ ಹಿತ್ತಲುಗಳಿಂದಲೇ ಒಟ್ಟು ಕೃಷಿ ಉತ್ಪನ್ನದ ಕಾಲು ಭಾಗದಷ್ಟು ಬರುತ್ತಿತ್ತು. ಸಾಮೂಹಿಕ ಹೊಲದಲ್ಲಿ ಮೈಗಳ್ಳ ಅನ್ನಿಸಿಕೊಂಡವನು ಸಂಜೆ ಮನೆಗೆ ಬಂದು ತನ್ನ ಹಸುವಿಗೆ ಹುಲ್ಲು ಕೊಯ್ದು ತರುತ್ತಿದ್ದ.

ಚೀನಾದ ಒಂದು ಘಟನೆ ನನಗೆ ಇದಕ್ಕಿಂತ ಮನಸ್ಸಿಗೆ ತಟ್ಟಿತು. ಆನ್ಹುಯಿ ಪ್ರಾಂತ್ಯದ ಶಿಯಾವ್‌ಗಾಂಗ್ ಎಂಬ ಹಳ್ಳಿ. ಅಲ್ಲೂ ಎಲ್ಲ ಸಾಮೂಹಿಕ, ಊರಿನವರು ಬೇರೆ ಕಡೆ ಭಿಕ್ಷೆಗೆ ಹೋಗುವಷ್ಟು ಬಡತನ. 1978ರ ಚಳಿಗಾಲದಲ್ಲಿ 18 ರೈತರು ರಾತ್ರಿ ಒಂದು ಮನೆಯಲ್ಲಿ ಗುಟ್ಟಾಗಿ ಸೇರಿ, ಹೊಲವನ್ನು ಮನೆಮನೆಗೆ ಹಂಚಿಕೊಂಡು ಸರ್ಕಾರಕ್ಕೆ ಕೊಡಬೇಕಾದ ಪಾಲು ಕೊಟ್ಟು ಉಳಿದದ್ದನ್ನು ಇಟ್ಟುಕೊಳ್ಳೋಣ ಅಂತ ಕಾಗದ ಬರೆದು ಹೆಬ್ಬೆಟ್ಟು ಒತ್ತಿದರು. ಸಿಕ್ಕಿಬಿದ್ದರೆ ಜೈಲು, ಪ್ರಾಣ ಹೋದರೂ ಹೋದೀತು. ಮುಂದಿನ ಸುಗ್ಗಿಗೆ ಬೆಳೆ ಹಲವು ಪಟ್ಟು ಹೆಚ್ಚಾಯಿತು. ಮಾರುಕಟ್ಟೆಯ ಪರ ಮಾತಾಡುವವರು ಈ ಕಥೆಯನ್ನು ಇಲ್ಲಿಗೇ ನಿಲ್ಲಿಸುತ್ತಾರೆ. ಅದೇ ಕಾಗದದಲ್ಲಿ ಇನ್ನೊಂದು ಮಾತಿದೆ. ಇದರಿಂದ ನಮ್ಮಲ್ಲಿ ಮುಂದಾಳುಗಳು ಜೈಲಿಗೆ ಹೋದರೆ, ಅವರ ಮಕ್ಕಳನ್ನು 18 ವರ್ಷ ತುಂಬುವವರೆಗೆ ಉಳಿದವರು ಸಾಕುತ್ತೇವೆ ಅಂತ ಅವರು ಬರೆದುಕೊಂಡಿದ್ದರು. ತನ್ನ ಬೆಳೆ ತನಗೆ ಬೇಕು ಅನ್ನುವ ಆಸೆ, ನಿನ್ನ ಮಗುವನ್ನು ನಾನು ಸಾಕುತ್ತೇನೆ ಅನ್ನುವ ಮಾತು, ಎರಡೂ ಒಂದೇ ಹಾಳೆಯಲ್ಲಿ, ಒಂದೇ ಹೆಬ್ಬೆಟ್ಟಿನ ಕೆಳಗೆ. ಇದನ್ನು ಸ್ವಾರ್ಥ ಅಂತ ಒಂದೇ ಪದದಲ್ಲಿ ಹೇಳಿ ಮುಗಿಸಲು ನನಗಂತೂ ಆಗುವುದಿಲ್ಲ.

ಅದೇ ಚೀನಾದಲ್ಲಿ 30 ವರ್ಷ ಕಳೆದ ಮೇಲೆ ಹಾಲಿನದೇ ಇನ್ನೊಂದು ಕಥೆ. ಆ ಹೊತ್ತಿಗೆ ಅಲ್ಲಿ ಮಾರುಕಟ್ಟೆ ಬಂದಿತ್ತು, ಪೈಪೋಟಿ ಬಂದಿತ್ತು, ಪರೀಕ್ಷೆ ಮಾಡುವ ಯಂತ್ರಗಳೂ ಬಂದಿದ್ದವು. ರೈತರ ಹಾಲು ನಡುವಿನ ಸಂಗ್ರಹಣಾ ಕೇಂದ್ರಗಳ ಮೂಲಕ ದೊಡ್ಡ ಕಂಪನಿಗಳಿಗೆ ಹೋಗುತ್ತಿತ್ತು. ಹಾಲಿಗೆ ನೀರು ಬೆರೆಸಿದರೆ ಪ್ರೋಟೀನ್ ಕಡಿಮೆ ತೋರಿಸುತ್ತದೆ. ಆದರೆ ಆ ಪರೀಕ್ಷೆ ಪ್ರೋಟೀನನ್ನು ನೇರವಾಗಿ ಅಳೆಯುವುದಿಲ್ಲ, ಹಾಲಿನಲ್ಲಿ ಸಾರಜನಕ ಎಷ್ಟಿದೆ ಅಂತ ನೋಡಿ ಅದರಿಂದ ಪ್ರೋಟೀನ್ ಲೆಕ್ಕ ಹಾಕುತ್ತದೆ. ಇದನ್ನು ತಿಳಿದವರು ಮೆಲಮಿನ್ ಬೆರೆಸಿದರು. ತಟ್ಟೆ, ಲೋಟ, ಮೇಜಿನ ಹೊದಿಕೆ ಮಾಡುವ ವಸ್ತು ಅದು, ಸಾರಜನಕ ಜಾಸ್ತಿ. ಪರೀಕ್ಷೆಯಲ್ಲಿ ಹಾಲು ಪಾಸಾಯಿತು. ಆ ಹಾಲಿನ ಪುಡಿ ಕುಡಿದ ಕೂಸುಗಳ ಮೂತ್ರಪಿಂಡದಲ್ಲಿ ಕಲ್ಲು ಕಟ್ಟಿತು. 2008ರಲ್ಲಿ ಬಯಲಾದಾಗ ಸುಮಾರು 3 ಲಕ್ಷ ಮಕ್ಕಳಿಗೆ ತೊಂದರೆಯಾಗಿತ್ತು, 6 ಮಕ್ಕಳ ಸಾವನ್ನು ಸರ್ಕಾರವೇ ಒಪ್ಪಿಕೊಂಡಿತು. ಸಾನ್‌ಲು ಅನ್ನುವುದು ಇದರಲ್ಲಿ ಮುಖ್ಯ ಕಂಪನಿ, ಆದರೆ ಅದೊಂದೇ ಅಲ್ಲ, ಪರೀಕ್ಷೆ ಮಾಡಿದಾಗ 22 ಕಂಪನಿಗಳ ಪುಡಿಯಲ್ಲಿ ಮೆಲಮಿನ್ ಸಿಕ್ಕಿತು. ಇಬ್ಬರಿಗೆ ಮರಣದಂಡನೆ ಆಯಿತು, ಸಾನ್‌ಲು ಮುಖ್ಯಸ್ಥೆಗೆ ಜೀವಾವಧಿ.

ಸಾನ್‌ಲುನಲ್ಲಿ ಶೇ 43ರಷ್ಟು ಪಾಲು ಇದ್ದದ್ದು ನ್ಯೂಜಿಲೆಂಡಿನ ಫಾಂಟೆರಾಗೆ. ಫಾಂಟೆರಾ ಅಂದರೆ ಅಲ್ಲಿನ ಹಾಲು ಉತ್ಪಾದಕ ರೈತರದೇ ಸಹಕಾರ ಸಂಘ, ನಮ್ಮ ಹಾಗೆ. ವಿಷಯ ಅವರ ಕಿವಿಗೆ ಬಿದ್ದದ್ದು ಆಗಸ್ಟ್ 2ರಂದು. ಚೀನಾದ ಅಧಿಕಾರಿಗಳ ಜೊತೆ ಮಾತಾಡುತ್ತಿದ್ದೆವು ಎಂದು ಅವರು ಹೇಳಿದರು. ಚೀನಾದ ತಾಯಂದಿರಿಗೆ ಗೊತ್ತಾದದ್ದು ಸೆಪ್ಟೆಂಬರ್ 11ಕ್ಕೆ. ನಡುವೆ ಬೀಜಿಂಗ್ ಒಲಿಂಪಿಕ್ಸ್ ಮುಗಿದಿತ್ತು. ತಮ್ಮ ಊರಿನ ಕೂಸುಗಳಾಗಿದ್ದರೆ ಆ ರೈತರ ಸಂಘ ಅಷ್ಟು ದಿನ ತಡೆದುಕೊಳ್ಳುತ್ತಿತ್ತಾ? ಸಹಕಾರಿ ಅನ್ನುವ ಹೆಸರಿದ್ದರೆ ಸಾಕು, ಮೌಲ್ಯ ತಾನಾಗಿ ಬರುತ್ತದೆ ಎಂದು ನಂಬಿದ್ದ ನನ್ನಂಥವನಿಗೆ ಇದು ತುಂಬ ನೋವಿನ ವಿಷಯ.

ಇದು ಚೀನಾದ ರೋಗ ಅಂತಲೂ ಯಾರೂ ತಿಳಿಯಬಾರದು. 1850ರ ಸುಮಾರಿಗೆ ನ್ಯೂಯಾರ್ಕಿನಲ್ಲಿ ಸಾರಾಯಿ ಭಟ್ಟಿಗಳ ಪಕ್ಕದ ಕೊಟ್ಟಿಗೆಗಳಲ್ಲಿ ಹಸುಗಳನ್ನು ಕಟ್ಟಿ, ಭಟ್ಟಿಯ ಬಿಸಿ ಗಸಿ ಕುಡಿಸಿ ಹಾಲು ಕರೆಯುತ್ತಿದ್ದರು. ನೀಲಿಗಟ್ಟಿದ ಆ ತೆಳು ಹಾಲಿಗೆ ಸೀಮೆಸುಣ್ಣ, ಹಿಟ್ಟು ಬೆರೆಸಿ ಬೆಳ್ಳಗೆ ಮಾಡಿ ಹಳ್ಳಿ ಹಾಲು ಅಂತ ಮಾರುತ್ತಿದ್ದರು, ಕೂಸುಗಳು ಸಾಯುತ್ತಿದ್ದವು. ಅಲ್ಲಿ ಸಮಾಜವಾದವೂ ಇರಲಿಲ್ಲ, ಸರ್ಕಾರ ಅಡ್ಡವೂ ಬಂದಿರಲಿಲ್ಲ. 1858ರಲ್ಲಿ ಚಿತ್ರ ಸಮೇತ ಅದನ್ನು ಬಯಲಿಗೆಳೆದದ್ದು ಒಂದು ಪತ್ರಿಕೆ. ಸಂಪಾದಕರೆ, ನಿಮಗೆ ಬರೆಯುತ್ತಿರುವುದಕ್ಕೆ ಅದೂ ಒಂದು ಕಾರಣ.

ನಮ್ಮ ಊರಿಗೆ ವಾಪಸು ಬರುತ್ತೇನೆ. ಮೆಷಿನ್ ಬಂದು ಏಳು ವರ್ಷ ಆಗಿತ್ತು. ಒಂದು ಹಸು ಇಟ್ಟುಕೊಂಡು ಒಂಟಿಯಾಗಿ ಸಂಸಾರ ನಡೆಸುತ್ತಿದ್ದ ಅಜ್ಜಿಯೊಬ್ಬರು ಒಂದು ಬೆಳಿಗ್ಗೆ ಖಾಲಿ ಕ್ಯಾನು ಹಿಡಿದು ಬಂದರು. ಕೆಚ್ಚಲು ಬಾವು ಆಗಿತ್ತಂತೆ, ಡಾಕ್ಟರು ಆಂಟಿಬಯಾಟಿಕ್ ಇಂಜೆಕ್ಷನ್ ಕೊಟ್ಟು ಮೂರು ದಿನ ಹಾಲು ಹಾಕಬೇಡಿ ಅಂದಿದ್ದಾರಂತೆ.

"ಹಾಲು ಹಾಕಲ್ಲ ಕಣಪ್ಪ, ಬುಕ್ಕಲ್ಲಿ ಬರ್ಕೊ. ಆಮೇಲೆ ಬೋನಸ್ ಲೆಕ್ಕಕ್ಕೆ ಅಜ್ಜಿ ಖಾಸಗಿಯೋರ್ಗೆ ಹಾಕಿದ್ಲು ಅನ್ಬೇಡಿ" ಅಂದರು.

ನಮ್ಮ ಮೆಷಿನ್‌ಗೆ ಔಷಧಿ ಅಂಶ ಗೊತ್ತಾಗುವುದಿಲ್ಲ. ಫ್ಯಾಟು, ಎಸ್‌ಎನ್‌ಎಫ್ ಸರಿಯಾಗೇ ಬರುತ್ತಿತ್ತು, ಚೀಟಿಯೂ ಬರುತ್ತಿತ್ತು, ದುಡ್ಡೂ ಬರುತ್ತಿತ್ತು. ಅವರು ಹೇಳದಿದ್ದರೆ ಯಾವ ದೇವರಿಗೂ ತಿಳಿಯುತ್ತಿರಲಿಲ್ಲ. ಮೂರು ದಿನಕ್ಕೆ 700 ರೂಪಾಯಿಗೂ ಜಾಸ್ತಿ ನಷ್ಟ, ಅವರಿಗೆ ಅದು ತಿಂಗಳ ದಿನಸಿ. ಹಾಲು ಕರೆಯದೆ ಬಿಡುವಂತಿಲ್ಲ, ಬಿಟ್ಟರೆ ಬಾವು ಜಾಸ್ತಿಯಾಗುತ್ತದೆ. ಹಾಗಾಗಿ ದಿನಾ ಎರಡು ಹೊತ್ತು ಕರೆದು, ಹಿತ್ತಲಿನ ತೆಂಗಿನ ಬುಡಕ್ಕೆ ಸುರಿದರು. ಸಂಜೆ ಡೇರಿಗೆ ಹೋಗುವಾಗ ನಾನೇ ನೋಡಿದೆ. ಪಾತಿಯ ಮಣ್ಣಿನ ಮೇಲೆ ಬೆಳ್ಳಗೆ ನೊರೆ ನಿಂತಿತ್ತು, ಇರುವೆ ಮುತ್ತಿದ್ದವು. ಸ್ವಲ್ಪ ಹಾಕಿದ್ದರೆ ಏನಾಗುತ್ತಿತ್ತು ಅಜ್ಜಿ ಅಂತ ಕೇಳಿಬಿಟ್ಟೆ. ಕೇಳಬಾರದಿತ್ತು. "ನಮ್ ಮೊಮ್ಮಗಳು ಇಸ್ಕೂಲಲ್ಲಿ ಕುಡಿಯೋದು ಇದೇ ಡೇರಿ ಹಾಲಲ್ವಾ" ಅಂದರು. 2013ರಿಂದ ಕ್ಷೀರಭಾಗ್ಯ ಯೋಜನೆಯಲ್ಲಿ ಶಾಲೆ ಮಕ್ಕಳಿಗೆ ಹಾಲು ಕೊಡುತ್ತಾರೆ. ಒಕ್ಕೂಟದಿಂದ ಪುಡಿಯಾಗಿ ಬರುವ ಹಾಲು ಅದು, ಯಾವ ಊರಿನದೋ ಯಾವ ಹಸುವಿನದೋ. ಅವರ ಹಸುವಿನ ಹಾಲು ಅವರ ಮೊಮ್ಮಗಳ ಲೋಟಕ್ಕೇ ಬೀಳುವ ಸಾಧ್ಯತೆ ಇಲ್ಲವೇ ಇಲ್ಲ ಅನ್ನಬೇಕು. ಆದರೆ ಅವರಿಗೆ ಕುಡಿಯುವ ಮಗುವಿನ ಮುಖ ಕಣ್ಣ ಮುಂದೆ ಇತ್ತು.

ನಾನು ಹೇಳಬೇಕಾದ್ದು ಇದೇ. ಬೆರೆಸಿದರೆ ಯಾರಿಗೆ ನಷ್ಟ ಅನ್ನುವುದು ಬೆರೆಸುವವನಿಗೆ ಕಾಣಬೇಕು. ಕಾಣದ ಹಾಗೆ ಯಾರು ಮರೆ ಮಾಡಿದರೂ, ಸರ್ಕಾರ ಮಾಡಲಿ, ಕಂಪನಿ ಮಾಡಲಿ, ನಮ್ಮಂಥ ಸಂಘದವರೇ ಮಾಡಲಿ, ಒಳ್ಳೆಯವರೂ ಮೆಲ್ಲಗೆ ಕೆಡುತ್ತಾರೆ. ಸಂಘದವರೇ ಕೆಡಿಸಿದ್ದನ್ನು ನಾನು ಕಂಡಿದ್ದೇನೆ, ಅದರಲ್ಲಿ ನನ್ನ ಕೈಯೂ ಇತ್ತು, ಹಾಗಾಗಿ ಬರೆಯಲೇಬೇಕು.

ಸ್ಯಾಂಪಲ್ ಹಾಲಿನ ವಿಷಯ ಹಾಲು ಹಾಕುವ ಯಾರನ್ನು ಕೇಳಿದರೂ ಹೇಳುತ್ತಾರೆ. ಪರೀಕ್ಷೆಗೆ ಅಂತ ಪ್ರತಿಯೊಬ್ಬರಿಂದ ಸ್ವಲ್ಪ ಹಾಲು ತೆಗೆದುಕೊಳ್ಳುತ್ತೇವೆ, ಅದಕ್ಕೆ ದುಡ್ಡು ಕೊಡುವುದಿಲ್ಲ. ನಮ್ಮಲ್ಲಿ ಒಬ್ಬರಿಂದ 50 ಮಿಲಿ. 120 ಜನರಿಂದ ಒಂದು ಹೊತ್ತಿಗೆ 6 ಲೀಟರ್, ದಿನಕ್ಕೆ 12 ಲೀಟರ್. ಮೆಷಿನ್‌ಗೆ ಬೇಕಾದದ್ದು ಅದರಲ್ಲಿ ಅರ್ಧಕ್ಕೂ ಕಡಿಮೆ. ಉಳಿದದ್ದು ಕ್ಯಾನಿಗೆ ಹೋಗುತ್ತಿತ್ತು, ಅದರ ದುಡ್ಡು ಸಂಘದ ಖಾತೆಗೆ ಬರುತ್ತಿತ್ತು, ಆದರೆ ಸದಸ್ಯರ ಮುಂದೆ ಯಾವತ್ತೂ ಬಿಡಿಸಿ ಓದುತ್ತಿರಲಿಲ್ಲ. ಟೀ ಖರ್ಚು, ಓಡಾಟದ ಖರ್ಚು, ಸಭೆ ಖರ್ಚು ಅಂತ ಕರಗುತ್ತಿತ್ತು. ಒಂದು ಮಹಾಸಭೆಯಲ್ಲಿ ಡಿಗ್ರಿ ಓದಿದ ಹುಡುಗನೊಬ್ಬ ಎದ್ದು ನಿಂತು, "ನಮ್ಮ ಸ್ಯಾಂಪಲ್ ಹಾಲು ಯಾರ ಲೆಕ್ಕಕ್ಕೆ ಹೋಗ್ತದೆ ಸೆಕ್ರೆಟರಿ ಅಣ್ಣ?" ಅಂತ ಕೇಳಿದ. ಅಧ್ಯಕ್ಷರು ಗದರಿಸಿ ಕೂರಿಸಿದರು. ನಾನು ಲೆಕ್ಕದ ಪುಸ್ತಕ ಮಡಚಿ ಸುಮ್ಮನೆ ಕೂತೆ.

ಆ ವರ್ಷ ಏನಾಯಿತು ಗೊತ್ತಾ? ಸಕ್ಕರೆ ಬೆರೆಸಿದ ಹಾಲು ಬರಲು ಶುರುವಾಯಿತು. ನೀರು ಹಾಕಿ ಸ್ವಲ್ಪ ಸಕ್ಕರೆ ಕರಗಿಸಿದರೆ ಎಸ್‌ಎನ್‌ಎಫ್ ಏರುತ್ತದೆ, ಮೆಷಿನ್ ಮೋಸ ಹೋಗುತ್ತದೆ. ಮೆಷಿನ್ ಬಂದಾಗಿನಿಂದ ಒಂದು ದಿನವೂ ತಪ್ಪು ಮಾಡದಿದ್ದ ಮನೆಯ ಹಾಲೂ ಅದರಲ್ಲಿ ಸಿಕ್ಕಿತು. ಕೇಳಿದರೆ, "ಡೇರಿಯೋರೇ ತಿಂತಾರೆ ಅಂದ್ಮೇಲೆ ನಾವೇನು ಹರಿಶ್ಚಂದ್ರರಾ" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಮಾರನೇ ವರ್ಷ ಆಡಳಿತ ಮಂಡಳಿ ಬದಲಾಯಿತು. ಆ ಹುಡುಗನೇ ನಿರ್ದೇಶಕನಾಗಿ ಬಂದ. ಸ್ಯಾಂಪಲ್ 20 ಮಿಲಿಗೆ ಇಳಿಸಿದೆವು. ಅದರಿಂದ ಬಂದ ದುಡ್ಡನ್ನು ತಿಂಗಳಿಗೊಮ್ಮೆ ಡೇರಿ ಗೋಡೆಯ ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯಲು ಶುರುಮಾಡಿದೆವು, ವರ್ಷದ ಕೊನೆಗೆ ಬೋನಸ್‌ಗೆ ಸೇರಿಸಿದೆವು. ಒಂದೇ ದಿನಕ್ಕೆ ಎಲ್ಲ ಸರಿಹೋಯಿತು ಅನ್ನಲಾರೆ. ಆರು ತಿಂಗಳು ಹಿಡಿಯಿತು. ಆದರೆ ಸಕ್ಕರೆ ನಿಂತಿತು.

2020ರ ಲಾಕ್‌ಡೌನ್ ಬಗ್ಗೆ ಒಂದು ಮಾತು. ಅದಕ್ಕೆ ಎರಡು ವರ್ಷ ಮುಂಚಿನಿಂದ ಖಾಸಗಿ ಡೇರಿಯ ವ್ಯಾನು ಊರಿಗೆ ಬರುತ್ತಿತ್ತು, ಲೀಟರಿಗೆ ಎರಡು ರೂಪಾಯಿ ಜಾಸ್ತಿ. ಮೂವತ್ತು ಮನೆಯವರು ಅತ್ತ ಹೋಗಿದ್ದರು. ಅದು ತಪ್ಪು ಅಂತ ನಾನು ಹೇಳುವುದಿಲ್ಲ, ಬೇಸಿಗೆಯಲ್ಲಿ ಹಿಂಡಿ, ಬೂಸಾ ತರಲು ಎರಡು ರೂಪಾಯಿ ಎಷ್ಟು ದೊಡ್ಡದು ಅಂತ ನನಗೆ ಗೊತ್ತು. ಲಾಕ್‌ಡೌನ್ ಆದಾಗ ಹೋಟೆಲ್, ಸ್ವೀಟ್ ಅಂಗಡಿ, ಮದುವೆ ಎಲ್ಲ ನಿಂತವು. ವ್ಯಾನು ಬರಲಿಲ್ಲ, ಫೋನೂ ಎತ್ತಲಿಲ್ಲ. ನಮ್ಮ ಲಾರಿ ಬಂತು. ಸರ್ಕಾರ ಒಕ್ಕೂಟಗಳಿಂದ ಹಾಲು ಕೊಂಡು ಬಡವರಿಗೆ ಪುಕ್ಕಟೆ ಹಂಚಿತು. ಆ ಮೂವತ್ತು ಮನೆಯವರು ಕ್ಯಾನು ಹಿಡಿದು ಸಾಲಿನ ಕೊನೆಗೆ ತಲೆ ತಗ್ಗಿಸಿ ನಿಂತಿದ್ದರು. ಸೇರಿಸಬೇಡಿ ಅಂತ ಕೆಲವರು ಕೂಗಾಡಿದರು. ಆಗ ನಾನು ಮೇಲೆ ಹೇಳಿದ ಅಜ್ಜಿ, "ಹಸ ಏನ್ ತಪ್ ಮಾಡೈತಪ್ಪ, ಹಾಕಿಸ್ಕೊಳಿ" ಅಂದರು. ಹಾಕಿಸಿಕೊಂಡೆವು. ಆದರೆ ಬೋನಸ್ ಮಾತ್ರ ವರ್ಷದಲ್ಲಿ ಹಾಕಿದ ಲೀಟರಿಗೆ ತಕ್ಕಂತೆ, ಅದರಲ್ಲಿ ದಾಕ್ಷಿಣ್ಯ ತೋರಿಸಲಿಲ್ಲ.

ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಹುಟ್ಟಿದ್ದು ನಮ್ಮ ಗದಗದ ಹತ್ತಿರದ ಕಣಗಿನಹಾಳದಲ್ಲಿ, 1905ರಲ್ಲಿ, ಸಿದ್ಧನಗೌಡ ಪಾಟೀಲರ ಮುಂದಾಳತ್ವದಲ್ಲಿ. ಸಾಲ ಕೊಡುವವರೂ ತೆಗೆದುಕೊಳ್ಳುವವರೂ ಒಂದೇ ಊರಿನವರು, ದಿನಾ ಮುಖ ನೋಡುವವರು. ಈಗ ರಾಜ್ಯದಲ್ಲಿ 14,000ಕ್ಕೂ ಹೆಚ್ಚು ಹಾಲಿನ ಸಂಘಗಳಿವೆ, 20 ಲಕ್ಷಕ್ಕೂ ಹೆಚ್ಚು ಸದಸ್ಯರಿದ್ದಾರೆ. ಒಕ್ಕೂಟದ ಚುನಾವಣೆ ಬಂದರೆ ಯಾವ ಪಕ್ಷ ಗೆದ್ದಿತು ಅಂತ ಪತ್ರಿಕೆಗಳಲ್ಲಿ ಅರ್ಧ ಪುಟ ಸುದ್ದಿ ಬರುತ್ತದೆ. ಹಳ್ಳಿ ಸಂಘದ ಲೆಕ್ಕದ ಬಗ್ಗೆ ನಾಲ್ಕು ಸಾಲೂ ಬರುವುದಿಲ್ಲ.

ಅದಕ್ಕೇ ಒಂದು ಕೇಳಿಕೆ. ಪ್ರತಿವರ್ಷ ಸೆಪ್ಟೆಂಬರ್ ತಿಂಗಳಲ್ಲಿ ಈ ಸಂಘಗಳ ವಾರ್ಷಿಕ ಮಹಾಸಭೆಗಳು ನಡೆಯುತ್ತವೆ. ನಿಮ್ಮ ವರದಿಗಾರರನ್ನು ಮೊದಲೇ ಹೇಳದೆ ನಾಲ್ಕೈದು ಹಳ್ಳಿಗಳಿಗೆ ಕಳಿಸಿ. ಹಾರ ತುರಾಯಿ, ಸನ್ಮಾನ ಮುಗಿಯುವವರೆಗೆ ಕಾಯಲಿ. ಸ್ಯಾಂಪಲ್ ಹಾಲಿನ ದುಡ್ಡು ಎಷ್ಟು ಬಂತು, ಎಲ್ಲಿಗೆ ಹೋಯಿತು ಅಂತ ಓದಿ ಹೇಳುತ್ತಾರಾ, ಕೇಳಲು ಎದ್ದವರನ್ನು ಮಾತಾಡಲು ಬಿಡುತ್ತಾರಾ, ಅಷ್ಟು ನೋಡಿ ಬರೆಯಲಿ. ನಮ್ಮ ಊರಿಗೂ ಬರಲಿ. ನಾನು ಈಗ ಸೆಕ್ರೆಟರಿಯಲ್ಲ, ಸಾಮಾನ್ಯ ಸದಸ್ಯ, ಎರಡು ಹಸು ಇಟ್ಟಿದ್ದೇನೆ. ಈ ಸಲ ಎದ್ದು ಕೇಳುವವರಲ್ಲಿ ನಾನೂ ಇರುತ್ತೇನೆ.

ಇಂತಿ,
ಒಬ್ಬ ನಿವೃತ್ತ ಡೇರಿ ಸೆಕ್ರೆಟರಿ
ತುಮಕೂರು ಜಿಲ್ಲೆ